ಚೌಕ ಬಿಟ್ಟು ಹೊರಟ ಫೋಟೋ ಬಸಣ್ಣ

ಯಾರ ಮನೆಗೆ ಹೋದರೂ ಬಸಣ್ಣ ಮೊದಲು ಮಾತನಾಡಿಸುತ್ತಿದ್ದುದು ಗೋಡೆಯ ಮೇಲಿದ್ದವರನ್ನು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರೇ ತಲೆಯೆತ್ತಿ, "ಏನ್ರೀ ಗೌಡ್ರ, ಮೀಸಿ ಮ್ಯಾಲೆ ಧೂಳ ಕುಂತೈತಲ್ರೀ" ಎನ್ನುತ್ತ ಹೆಗಲ ಮೇಲಿನ ಟವೆಲಿನಿಂದ ಗಾಜು ಒರೆಸುವರು. ಕೆಳಗೆ ಕುಳಿತ ಜೀವಂತ ಮಂದಿಗೆ ನಮಸ್ಕಾರ ಆಮೇಲೆ. ಕೊಟ್ಟೂರಿನಲ್ಲಿ ಇದನ್ನು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಗೋಡೆಯ ಮೇಲಿದ್ದವರಲ್ಲಿ ಅರ್ಧಕ್ಕರ್ಧ ಮಂದಿಯನ್ನು ಬರೆದವರು ಅವರೇ.

ಅವರ ಪೂರ್ತಿ ಹೆಸರು ಕೊಟ್ರಬಸಪ್ಪ. ಊರಿಗೆಲ್ಲ ಫೋಟೋ ಬಸಣ್ಣ. ಕ್ಯಾಮೆರಾವನ್ನು ಅವರು ಕೈಯಲ್ಲಿ ಹಿಡಿದವರೇ ಅಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಜನ ಒಂದು ಸಣ್ಣ ಫೋಟೋ ತಂದು ಅವರ ಮುಂದಿಡುತ್ತಿದ್ದರು. ಮದುವೆಯ ಗುಂಪಿನ ಮೂಲೆಯಲ್ಲಿ ಅರ್ಧ ಕಾಣುವ ಮುಖವಾದರೂ ಸರಿ, ಯಾವುದೋ ಕಾಗದಕ್ಕೆ ಅಂಟಿಸಿದ್ದ ಮಾಸಿದ ಫೋಟೋ ಆದರೂ ಸರಿ. ಬಸಣ್ಣ ಅದರ ಮೇಲೆ ಸೂಜಿಯ ಮೊನೆಯಷ್ಟು ಸಣ್ಣ ಗೆರೆ ಎಳೆದು ಚೌಕ ಮಾಡುವರು. ಅಷ್ಟೇ ಚೌಕಗಳನ್ನು ದೊಡ್ಡ ಹಾಳೆಯ ಮೇಲೂ ಹಾಕುವರು. ಆಮೇಲೆ ಭೂತಗನ್ನಡಿ ಹಿಡಿದು, ಅರಳೆಯನ್ನು ಕರಿಪುಡಿಯಲ್ಲಿ ಅದ್ದಿ, ಒಂದೊಂದೇ ಚೌಕವನ್ನು ತುಂಬುತ್ತ ಹೋಗುವರು. ಹದಿನೈದು ದಿನಕ್ಕೆ ಸತ್ತವರು ಗೋಡೆಗೆ ಬರುತ್ತಿದ್ದರು.

ಜನರ ಬೇಡಿಕೆಗಳೂ ಹಾಗೇ ಇರುತ್ತಿದ್ದವು. ಒಬ್ಬರಿಗೆ ಅವ್ವನ ಮೈಮೇಲೆ ಜರಿ ಸೀರೆ ಬೇಕು, ಇನ್ನೊಬ್ಬರಿಗೆ ಅಪ್ಪನ ಕೈಗೆ ವಾಚು. "ಫೋಟೋದಾಗ ಕೈನಾ ಇಲ್ಲಲ್ಲೋ ಮಾರಾಯಾ, ವಾಚು ಎಲ್ಲಿ ಕಟ್ಲಿ?" ಎಂದು ಬೈದು, ಕೊನೆಗೆ ಎದೆಯ ಮೇಲೆ ಒಂದು ಕೈ ತಂದಿರಿಸಿ ವಾಚು ಕಟ್ಟಿಯೇ ಕಳಿಸಿದ್ದರಂತೆ. ಅದು ಅವರ ಸ್ವಂತದ್ದೇ ಕೈ, ಕನ್ನಡಿಯಲ್ಲಿ ನೋಡಿ ಬರೆದದ್ದು. "ಆ ಗೋಡಿ ಮ್ಯಾಲೆ ನಂದೂ ಒಂದು ಕೈ ಐತಿ" ಎಂದು ನಗುತ್ತಿದ್ದರು.

ನಾನು ದಾವಣಗೆರೆ ಕಡೆಯವಳು. ತೊಂಬತ್ತರ ದಶಕದ ನಡುವಿನಲ್ಲಿ ಕೊಟ್ಟೂರಿನ ಒಂದು ಹೈಸ್ಕೂಲಿಗೆ ಡ್ರಾಯಿಂಗ್ ಟೀಚರಾಗಿ ವರ್ಗವಾಗಿ ಬಂದೆ. ಒಂದು ದಿನ ಎಂಟನೇ ಕ್ಲಾಸಿನ ಮಕ್ಕಳಿಗೆ ಜಲವರ್ಣದಲ್ಲಿ ಆಕಾಶ ಮಾಡಿ ತೋರಿಸುತ್ತಿದ್ದೆ. ಹಾಳೆಯನ್ನು ಪೂರ್ತಿ ಒದ್ದೆ ಮಾಡಿ, ಮೇಲಿನಿಂದ ನೀಲಿ ಬಿಟ್ಟು, ಹಾಳೆಯನ್ನು ಓರೆ ಮಾಡಿದೆ. ಬಣ್ಣ ತಾನಾಗಿ ಇಳಿಯಿತು. ಬಾಗಿಲಲ್ಲಿ ಯಾರೋ ಬಿಳಿ ಪಂಚೆಯವರು ಚೌಕಟ್ಟು ಹಾಕಿದ ದೊಡ್ಡ ಚಿತ್ರವನ್ನು ಕಂಕುಳಲ್ಲಿ ಹಿಡಿದು ನಿಂತಿದ್ದರು. ಶಾಲೆಗೆ ಜಾಗ ಕೊಟ್ಟಿದ್ದ ಹಿರಿಯರೊಬ್ಬರ ಚಿತ್ರವನ್ನು ಹೆಡ್‌ಮಾಸ್ಟರಿಗೆ ಒಪ್ಪಿಸಲು ಬಂದವರು, ಪೀರಿಯಡ್ ಮುಗಿಯುವತನಕ ಅಲ್ಲಿಂದ ಕದಲಲಿಲ್ಲ. ಗಂಟೆ ಹೊಡೆದ ಮೇಲೆ ಒಳಗೆ ಬಂದರು. ಅವರೇ ಫೋಟೋ ಬಸಣ್ಣ.

"ಅಕ್ಕೋರ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಆ ನೀಲಿ ಕೆಳಗ ಹೋತಲ್ರೀ, ಅದನ್ನ ನೀವು ಒಯ್ದ್ರೋ, ಅದಾ ಹೋತೋ?"

"ಅದೇ ಹೋಯ್ತು. ನಾನು ಬಿಟ್ಟೆ, ಅಷ್ಟೇ."

"ಬಿಟ್ರಿ..." ಅವರು ಬಗ್ಗಿ ಒದ್ದೆ ಹಾಳೆಯನ್ನು ನೋಡಿದರು. "ನನಗ ಬಿಡಾಕ ಬರಂಗಿಲ್ರೀ. ಕಲಸ್ತೀರೇನು?"

ಆಗ ಅವರಿಗೆ ಐವತ್ತೆಂಟು, ನನಗೆ ಇಪ್ಪತ್ತೊಂಬತ್ತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಆಯ್ತಾರ ಬೆಳಿಗ್ಗೆ ಅವರ ಹೆಂಡತಿ ನೀಲಮ್ಮ ನನ್ನ ಬಾಡಿಗೆ ಮನೆ ಹುಡುಕಿಕೊಂಡು ಬಂದರು. "ನಮ್ಮನ್ಯೋರು ಹಾಳಿ ತಂದು, ನೀರು ತುಂಬಿಟ್ಕಂಡು ಕುಂತಾರ್ರೀ. ಬರ್ರಿ, ಮಂಡಕ್ಕಿ ಒಗ್ಗರಣಿ ಮಾಡೀನಿ" ಎಂದು ಕೈಹಿಡಿದು ಕರೆದುಕೊಂಡೇ ಹೋದರು. ಅಂದಿನಿಂದ ನಾಲ್ಕು ವರ್ಷ, ಊರಲ್ಲಿದ್ದ ಆಯ್ತಾರಗಳೆಲ್ಲ ಅವರ ಮನೆಯ ಪಡಸಾಲೆಯಲ್ಲೇ ಕಳೆದವು.

ಅವರಂಥ ಕಷ್ಟದ ವಿದ್ಯಾರ್ಥಿ ನನಗೆ ಮತ್ತೆ ಸಿಕ್ಕಿಲ್ಲ. ಕೈ ಅಷ್ಟು ಪಳಗಿದ್ದೇ ತೊಂದರೆಯಾಗಿತ್ತು. ಮೊದಲ ಹಾಳೆಯ ಮೇಲೆ, ನನ್ನ ಕಣ್ಣು ತಪ್ಪಿಸಿ, ಚೌಕ ಎಳೆದಿದ್ದರು. ಒಂದು ಚೌಕದ ಆಕಾಶ ಒಣಗಿದ ಮೇಲೆ ಪಕ್ಕದ ಚೌಕದ ಆಕಾಶ. ಮುಗಿದಾಗ ಅದು ನೀಲಿ ತುಂಡುಗಳ ಕೌದಿಯಂತೆ ಕಂಡಿತು. ನೀಲಮ್ಮ ಇಣುಕಿ ನೋಡಿ, "ಇದನ್ನ ಹೊತ್ಕಂಡು ಮಕ್ಕಂಬೌದು" ಎಂದರು. ಮರ ಬರೆದರೆ ಎಲೆ ಎಣಿಸುವರು. ಹಸಿ ಬಣ್ಣ ಹರಿಯತೊಡಗಿದರೆ ಗಾಬರಿಯಾಗಿ ಅರಳೆಯಿಂದ ಒತ್ತಿ ಹಿಡಿಯುವರು.

ಹೀಗೆ ಆರೇಳು ತಿಂಗಳು ಕಳೆದಿರಬೇಕು. ಒಂದು ಆಯ್ತಾರ ಅವರು ಮತ್ತೆ ಅರಳೆ ಎತ್ತಿದಾಗ ನನ್ನ ತಾಳ್ಮೆ ತಪ್ಪಿತು. "ಎಷ್ಟು ಸಲ ಹೇಳ್ಬೇಕ್ರಿ ನಿಮಗೆ? ಮುಟ್ಟಬೇಡಿ ಅಂದ್ರೆ ಮುಟ್ಟಬೇಡಿ!" ಎಂದು ಎಂಟನೇ ಕ್ಲಾಸಿನವರಿಗೆ ಬೈಯುವ ಹಾಗೆಯೇ ಬೈದೆ. ಬಾಯಿಂದ ಬಿದ್ದ ಮೇಲೆ ನಾಚಿಕೆಯಾಯಿತು. ನಮ್ಮಪ್ಪನ ವಯಸ್ಸಿನವರು. ನೀಲಮ್ಮ ಕೂಡ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲಿಸಿದರು.

ಬಸಣ್ಣ ಅರಳೆ ಕೆಳಗಿಟ್ಟರು. "ಬೈರಿ ಅಕ್ಕೋರ" ಎಂದರು. "ಬೈಸ್ಕಂಡು ಭಾಳ ವರ್ಷ ಆಗಿತ್ತು. ಊರಾಗ ಎಲ್ರೂ ಚಲೋ ಬರ್ದೀರಿ, ಚಲೋ ಬರ್ದೀರಿ ಅಂತಾರ. ಬರೀ ಚಲೋ ಅನ್ನೋರ ಹತ್ರ ನಾ ಏನು ಕಲೀಲಿ?"

ಅವರ ಕೈ ಹೊಸ ದಾರಿಗೆ ಹೊರಳಿದ್ದು ಹಂಪಸಾಗರದಲ್ಲಿ. ಒಂದು ರಜೆಯ ದಿನ ಬುತ್ತಿ ಕಟ್ಟಿಕೊಂಡು, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಮೂವರೂ ಹೊಳೆಯ ದಂಡೆಗೆ ಹೋದೆವು. ಅಣೆಕಟ್ಟಿನ ಹಿನ್ನೀರು ತುಂಬಿತ್ತು. ಬಸಣ್ಣ ಕುಳಿತವರೇ ಆಚೆ ದಂಡೆಯ ಮರಗಳನ್ನು ಎಣಿಸತೊಡಗಿದರು. ನನಗೆ ಏನು ತೋಚಿತೋ, "ಕನ್ನಡಕ ಕೊಡ್ರಿ ಇಲ್ಲಿ" ಎಂದು ಕೈಚಾಚಿ ಇಸಿದುಕೊಂಡು ನೀಲಮ್ಮನವರ ಮಡಿಲಿಗೆ ಹಾಕಿದೆ.

"ಅಯ್ಯೋ, ಏನೂ ಕಾಣವಲ್ದಲ್ರೀ!"

"ಕಾಣೋದಷ್ಟೇ ಬರೀರಿ."

ಅವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಮರ ಹೋದ್ವು. ಒಂದು ಕರ್ರಗಿನ ಪಟ್ಟಿ ಐತಿ. ಕೆಳಗ ಬೆಳ್ಳಗ... ಅಕ್ಕೋರ, ಎಲ್ಲಾ ಕೂಡ್ಕಂಡಾವ್ರೀ!" ಎಂದು ದೊಡ್ಡ ಕುಂಚ ತೆಗೆದುಕೊಂಡರು. ಹಾಳೆ ಒದ್ದೆ ಮಾಡಿದರು. ಒಂದು ಪಟ್ಟಿ ಎಳೆದರು, ಅದು ನೀರಿಗೆ ಹರಿಯಿತು. ಅವರ ಎಡಗೈ ಅಭ್ಯಾಸಬಲದಿಂದ ಅರಳೆ ಹುಡುಕಿತು, ತಡೆಯಿತು, ತೊಡೆಯ ಮೇಲೆ ಸುಮ್ಮನೆ ಕುಳಿತಿತು. ಬಣ್ಣ ತನ್ನ ದಾರಿ ಹಿಡಿದು ಹೋಗಿ ನಿಂತಾಗ ಹಾಳೆಯಲ್ಲಿ ಹೊಳೆ ಇತ್ತು. ಬಸಣ್ಣ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀಲಾ, ನೀರು ಬಂತು ನೋಡು" ಎಂದರು. ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಬುತ್ತಿ ಬಿಚ್ಚುವಾಗ ನನ್ನ ಖಾಲಿ ಹಾಳೆ ಅವರ ಕಣ್ಣಿಗೆ ಬಿತ್ತು. "ನೀವ್ಯಾಕ ಬರೀಲಿಲ್ಲ?"

"ನಾನು ಕಲಿಸೋಕೆ ಬಂದೋಳು."

"ನೀವು ಬರ್ದಿದ್ದು ಒಂದೂ ನೋಡಿಲ್ಲ ನಾನು. ಯಾವಾಗ ಬರ್ದಿದ್ರಿ ಕಡೀಗೆ?"

ಕೆಲಸಕ್ಕೆ ಸೇರಿದ ಮೇಲೆ ಮಕ್ಕಳಿಗಾಗಿ ಹೂಕುಂಡ, ಹಣ್ಣಿನ ಬುಟ್ಟಿ ಬರೆದದ್ದು ಬಿಟ್ಟರೆ ನನ್ನದೆಂದು ಒಂದು ಚಿತ್ರವೂ ಇರಲಿಲ್ಲ. ಐದು ವರ್ಷ ಹಾಗೇ ಹೋಗಿದ್ದವು. "ಹೊಳಿ ಮುಂದ ಕುಂತು ಕಲ್ಸೋದೇನೈತ್ರಿ? ಬರೀರಿ" ಎಂದು ಅವರೇ ನನ್ನ ಹಾಳೆಗೆ ನೀರು ಸವರಿಕೊಟ್ಟರು. ಅವತ್ತು ಶುರುವಾದದ್ದು ಇನ್ನೂ ನಿಂತಿಲ್ಲ.

ಮರುವರ್ಷ ಹನುಮವ್ವ ಬಂದಳು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯ ಹೆಂಗಸು. ಹದಿನೇಳು ವರ್ಷದ ಮಗಳು ರೇಣುಕಾ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳ ಚಿತ್ರ ಬೇಕಿತ್ತು. ಆದರೆ ಆ ಹುಡುಗಿಯದು ಒಂದೇ ಒಂದು ಫೋಟೋ ಇರಲಿಲ್ಲ.

"ಫೋಟೋ ಇಲ್ದ ನಾ ಹೆಂಗ ಬರೀಲವ್ವಾ?" ಎಂದು ಬಸಣ್ಣ ಎರಡು ಸಲ ವಾಪಸು ಕಳಿಸಿದ್ದರು. ಮೂರನೆಯ ಸಲ ಅವಳು ಬಂದದ್ದು ಆಯ್ತಾರ, ನಾನು ಅಲ್ಲೇ ಇದ್ದೆ. ಅವಳು ಬಾಗಿಲ ಹೊರಗೆ ಕುಳಿತೇಬಿಟ್ಟಳು. ನೀಲಮ್ಮ ನೀರು ಕೊಟ್ಟು ಗಂಡನನ್ನು ನೋಡಿದರು. ಬಸಣ್ಣ ಪೆನ್ಸಿಲ್ ತೆಗೆದುಕೊಂಡರು.

ಮೂಗು ಹೇಗಿತ್ತು, ಹಣೆ ಎಷ್ಟಿತ್ತು ಎಂದು ಒಂದೊಂದೇ ಕೇಳುತ್ತ ಬರೆದರು. ಹನುಮವ್ವ ಒಮ್ಮೆ "ನನ್ನಂಗ" ಎನ್ನುವಳು, ಮರುಗಳಿಗೆ "ಅಲ್ರೀ, ಅವರಪ್ಪನಂಗ" ಎನ್ನುವಳು. ಐದು ಮುಖ ಬರೆದು ತೋರಿಸಿದರು. ಐದಕ್ಕೂ ಅವಳು ಅಲ್ಲವೆಂದು ತಲೆಯಾಡಿಸಿದಳು. ಕೊನೆಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

"ಮುಖ ತಪ್ಪಾಕ ಹತ್ತೈತ್ರಿ ಯಪ್ಪಾ. ನಾ ಹೆತ್ತಾಕಿ ಮುಖ ನನಗಾ ನೆಪ್ಪಿಗೆ ಬರವಲ್ದು. ಕಣ್ಣು ಮುಚ್ಚಿದ್ರ ಬರೀ ಬೆನ್ನು ಕಾಣ್ತೈತಿ. ನೀರಿಗೆ ಹೊಂಟಿರ್ತಾಳ, ನಾ ಹಿಂದ ಇರ್ತೀನಿ."

ಬಸಣ್ಣ ಬರೆದ ಮುಖಗಳನ್ನೆಲ್ಲ ಬದಿಗಿಟ್ಟರು. ಕನ್ನಡಕ ತೆಗೆದರು. "ಹೆಂಗ ನಡೀತಿದ್ಳವ್ವಾ ನಿನ್ನ ಮಗಳು?"

ಹನುಮವ್ವ ಮೊದಲು ಬಾಯಲ್ಲಿ ಹೇಳಲು ನೋಡಿದಳು, ಆಗಲಿಲ್ಲ. ಎದ್ದು ನಿಂತಳು. ಎಡಸೊಂಟಕ್ಕೆ ಕೊಡ ಇದ್ದ ಹಾಗೆ ಕೈ ಬಳಸಿ, ಬಲಗೈ ಬೀಸುತ್ತ, ಆ ನಲವತ್ತು ದಾಟಿದ ಹೆಂಗಸು ಪಡಸಾಲೆಯಿಂದ ಅಂಗಳದ ತುದಿಯತನಕ ಹದಿನೇಳರ ಹುಡುಗಿಯಾಗಿ ನಡೆದು ಹೋದಳು. ಬಸಣ್ಣ "ಇನ್ನೊಮ್ಮೆ" ಎಂದರು. ಅವಳು ಇನ್ನೊಮ್ಮೆ ನಡೆದಳು. ಮೂವತ್ತು ವರ್ಷ ಬರೀ ಮುಖ ಬರೆದಿದ್ದ ಕೈ ಅಂದು ಒದ್ದೆ ಹಾಳೆಯ ಮೇಲೆ ಒಂದು ಬೆನ್ನು ಬರೆಯಿತು. ಹಸಿರು ಲಂಗ, ಉದ್ದ ಜಡೆ, ಸೊಂಟದ ಮೇಲೆ ಕೊಡ. ಕಾಲ ಕೆಳಗಿನ ದಾರಿ ತಾನಾಗಿ ಹರಿದು ಬಂತು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹನುಮವ್ವ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಕೊಡ ತುಂಬೈತಿ" ಎಂದಳು. "ಕೊಡ ತುಂಬಿದಾಗ ಹಿಂಗಾ ವಾಲ್ತಿದ್ಳು. ನೀರು ತರಾಕ ಹೋಗಿದ್ದಲ್ಲ ಇದು. ತಗಂಡು ಮನಿಗೆ ಹೊಂಟಾಳ."

ಅವಳು ಹೋದ ಮೇಲೆ ಬಸಣ್ಣ ಕುಂಚ ತೊಳೆದಿಟ್ಟರು. "ಅಕ್ಕೋರ, ನಾ ಖಾಲಿ ಕೊಡ ಬರ್ದಿದ್ದೆ. ಅದ್ಯಾವಾಗ ತುಂಬ್ತು?" ಎಂದರು. ಆ ಸಂಜೆ ನಾವು ಮತ್ತೇನೂ ಬರೆಯಲಿಲ್ಲ.

ಎರಡು ಸಾವಿರದ ಇಸವಿಯ ಹೊತ್ತಿಗೆ ನನಗೆ ಹಡಗಲಿಗೆ ವರ್ಗವಾಯಿತು. ಅಷ್ಟರಲ್ಲಿ ಪಟ್ಟಣದ ಸ್ಟುಡಿಯೋಗಳು ಸಣ್ಣ ಫೋಟೋಗಳನ್ನು ಬಣ್ಣದಲ್ಲೇ ದೊಡ್ಡದು ಮಾಡಿ ಕೊಡತೊಡಗಿದ್ದವು. ಬಸಣ್ಣನ ಹಳೆಯ ಕೆಲಸ ಕಡಿಮೆಯಾಯಿತು. ಅವರೇನೂ ಮರುಗಲಿಲ್ಲ. "ಚಲೋ ಆತು, ಕೈ ಖಾಲಿ ಆದ್ವು" ಎಂದರು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಹಡಗಲಿಯ ನನ್ನ ಮನೆ ಬಾಗಿಲಲ್ಲಿ ನಿಂತಿದ್ದರು. ಚೀಲದಲ್ಲಿ ಹೊಸಪೇಟೆಯಿಂದ ತಂದ ತೈಲವರ್ಣದ ಟ್ಯೂಬುಗಳು, ಒಂದು ಬಾಟಲಿ ಅಗಸೆ ಎಣ್ಣೆ.

"ನನಗೆ ಇದು ಬರಲ್ಲ ಬಸಣ್ಣಾರೆ" ಎಂದೆ.

"ನನಗೂ ಬರಂಗಿಲ್ಲ. ಕೂಡೇ ಕಲಿಯಾನ ತಗೀರಿ."

ಅರವತ್ತಮೂರನೆಯ ವಯಸ್ಸಿನಲ್ಲಿ ಅವರು ತಿಂಗಳಿಗೆರಡು ಸಲ ಬಸ್ಸು ಹತ್ತಿ ಬಂದರು. ಇಬ್ಬರೂ ಹಲಗೆ ಕೆಡಿಸಿದೆವು, ಸೀರೆ ಪಂಚೆ ಕೆಡಿಸಿಕೊಂಡೆವು. ಎಣ್ಣೆ ಹೆಚ್ಚಾಗಿ ಬಣ್ಣ ಸೋರಿತು, ಕಡಿಮೆಯಾಗಿ ಬಿರಿಯಿತು. ಈಗ ಬೈಯುವ ಸರದಿ ಒಮ್ಮೆ ಅವರದು, ಒಮ್ಮೆ ನನ್ನದು. ಕೊನೆಯ ಸಲ ಬಂದಾಗ ಅವರು ಆರಿಸಿಕೊಂಡದ್ದು ಮಲ್ಲಿಗೆ ಮೊಗ್ಗು. ಒದ್ದೆ ಬಿಳಿ ಬಟ್ಟೆಯ ಮೇಲೆ ಸುರಿದ ಬಿಳಿ ಮೊಗ್ಗಿನ ರಾಶಿ. "ಬಿಳೀ ಮ್ಯಾಲೆ ಬಿಳಿ! ನೀರಿನ ಬಣ್ಣದಾಗ ಬಿಳೀ ಜಾಗಾನ ಖಾಲಿ ಬಿಡ್ತಿದ್ವಿ. ಇಲ್ಲಿ ಇಡಬೇಕು" ಎನ್ನುತ್ತ, ಬೂದು, ಹಳದಿ, ಎಳೆ ಹಸಿರು ಬೆರೆಸಿ ನಾಲ್ಕಾರು ಬಗೆಯ ಬಿಳಿ ಮಾಡಿಕೊಂಡು, ಒಂದೊಂದು ಮೊಗ್ಗನ್ನೂ ಬಣ್ಣದ ಚಾಕುವಿನ ತುದಿಯಿಂದ ದಪ್ಪಗೆ ಇಟ್ಟರು. ಎಡಗಡೆಯ ಒಂದು ಮೂಲೆ ಉಳಿಯಿತು. ಬಸ್ಸಿನ ಹೊತ್ತಾಗಿತ್ತು. ಹಸಿ ಹಲಗೆಯನ್ನು ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ. ಅಲಮಾರಿನ ಮೇಲೆ ತಾವೇ ಎತ್ತಿಟ್ಟು, "ಯಾರೂ ಮುಟ್ಟಬ್ಯಾಡ್ರಿ, ಒಣಗ್ಲಿ. ಮುಂದಿನ ಸಲ ಬಂದು ಮುಗಸ್ತೀನಿ" ಎಂದು ಹೋದರು.

ಅದೇ ವಾರ ಅವರು ಎದೆನೋವಿನಿಂದ ತೀರಿಕೊಂಡರು. ಸುದ್ದಿ ತಿಳಿದು ನಾನು ಕೊಟ್ಟೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಂಗಳು ಕಳೆದ ಮೇಲೆ ಆ ಹಲಗೆಯನ್ನು ಹಳೆ ಸೀರೆಯಲ್ಲಿ ಸುತ್ತಿ ನೀಲಮ್ಮನಿಗೆ ಒಯ್ದುಕೊಟ್ಟೆ. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದರು.

"ಇದು ಮುಗ್ದೈತೇನ್ರೀ?"

"ಇಲ್ಲ. ಈ ಮೂಲೆ ಉಳಿದಿದೆ."

"ನೀವು ಮುಗಸ್ತೀರೇನು?"

"ಇಲ್ರೀ."

"ಬ್ಯಾಡ. ಹಂಗಾ ಇರ್ಲಿ" ಎಂದು ಅವರು ನಡುವಿನ ದಪ್ಪ ಮೊಗ್ಗೊಂದನ್ನು ತೋರುಬೆರಳಿನಿಂದ ಮೆಲ್ಲಗೆ ಒತ್ತಿದರು. ಮೇಲೆ ಕಟ್ಟಿದ್ದ ಕೆನೆ ಹರಿದು, ಒಳಗಿನ ಬಿಳಿ ಅವರ ಬೆರಳಿಗೆ ಹತ್ತಿತು.

"ಇನ್ನೂ ಹಸಿ ಐತ್ರೀ ಅಕ್ಕೋರ" ಎಂದರು.

ಅಷ್ಟು ದಪ್ಪ ಬಣ್ಣ ಒಳಗೆ ಒಣಗಲು ತಿಂಗಳುಗಳೇ ಹಿಡಿಯುತ್ತವೆ ಎಂದು ಹೇಳಬೇಕೆಂದುಕೊಂಡವಳು, ಪಕ್ಕ ಕುಳಿತು ಅದೇ ಮೊಗ್ಗಿನ ಮೇಲೆ ನನ್ನ ಬೆರಳನ್ನೂ ಇಟ್ಟೆ.