ನಡೆಯಲಾರದೆನಿಸಿಕೊಂಡ ಜೀವಿ

ಬಾಲವಿಲ್ಲದ ಕೆಲವು ಜಾತಿಯ ಬ್ಯಾಕ್ಟೀರಿಯಾ ಕೂಡ ನಡೆಯುತ್ತದೆ ಎಂದು ಈಗ ಕಾಲೇಜಿನ ಪುಸ್ತಕಗಳಲ್ಲೇ ಇದೆ. ಅದರ ಮೈಯಿಂದ ಪಿಲೈ ಎಂಬ ಎಳೆಗಳು ಹೊರಡುತ್ತವೆ, ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣವು. ಪ್ರೋಟೀನಿನ ಮಣಿಗಳನ್ನು ಪೋಣಿಸಿದಂಥ ಎಳೆ ಅದು. ಬುಡದಲ್ಲಿ ಮಣಿ ಸೇರಿದರೆ ಉದ್ದವಾಗುತ್ತದೆ, ಕಳಚಿದರೆ ಗಿಡ್ಡವಾಗುತ್ತದೆ. ಚಾಚಿದ ತುದಿ ಎಲ್ಲಾದರೂ ಅಂಟಿಕೊಂಡಿತೋ, ಬ್ಯಾಕ್ಟೀರಿಯಾ ಆ ಎಳೆಯನ್ನು ಒಳಗೆ ಜಗ್ಗಿಕೊಂಡು ಮೈಯನ್ನು ಮುಂದೆ ಸರಿಸುತ್ತದೆ. ಅರವತ್ತರ ದಶಕದ ಕೊಲ್ಹಾಪುರದಲ್ಲಿ ನಮಗಾರಿಗೂ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನನಗೆ ಸಿಟ್ಟಿಲ್ಲ, ಸಿಟ್ಟು ಬೇರೆಯದಕ್ಕೆ.

ನಾವು ಗಡಹಿಂಗ್ಲಜ ಕಡೆಯ ಜೈನ ರೈತರು. ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ತಿರುಗಿ ಬಾವಿಗೇ ಬಿಡುವ ಪದ್ಧತಿ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಾತ್ರ, ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಗೆ ಹಚ್ಚುವ ತಂತಿಯನ್ನು ಮೊದಲು ಕೆಂಪಗೆ ಸುಡಬೇಕು. ಇಲ್ಲದಿದ್ದರೆ ಬೇರೆ ಜೀವಿ ಸೇರಿ ತಟ್ಟೆ ಕೆಡುತ್ತದೆ. ನಾನು ಸುಡುತ್ತಿದ್ದೆ.

ಕಣ್ಣುಬೇನೆಯ ರೋಗಿಯಿಂದ ಬಂದ ಬ್ಯಾಕ್ಟೀರಿಯಾವನ್ನು ಅಗಾರ್ ಎಂಬ ಲೋಳೆ ಹಾಕಿದ ತಟ್ಟೆಯ ಮೇಲೆ ಗೆರೆಯಾಗಿ ಹಚ್ಚಿದ್ದೆ. ಅದು ಬೆಳೆದಾಗ ಗೆರೆಯ ಅಂಚು ದಾಟಿ ತೆಳ್ಳಗೆ ಹಬ್ಬಿತ್ತು. ನಮ್ಮ ಪ್ರಾಧ್ಯಾಪಕರು ಬೆಳಗಾವಿ ಕಡೆಯ ಕನ್ನಡಿಗರು, ತರಗತಿಗೂ ಕನ್ನಡ ತಿಳಿಯುತ್ತಿತ್ತು. ತಟ್ಟೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿದರು.

“ಇದಕ್ಕ ಬಾಲ ಇಲ್ಲ, ಇದು ನಡಿಯೂದಿಲ್ಲ. ಹಬ್ಬಿದ್ದು ಬ್ಯಾರೆ ಜೀವಿ. ಈ ಜೈನರ ಹುಡುಗಿ ತಂತಿ ಸುಟ್ಟಿಲ್ಲ, ನೋಡ್ರಿ. ಜೀವ ಹೋಗ್ತೈತಂತ ಹೆದರ್ಯಾಳ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಸೊನ್ನೆ ಬಿತ್ತು, ಹೊರಗಿನ ಪರೀಕ್ಷಕರು ಬಂದು ಅಂಕ ನೋಡುವುದಷ್ಟೇ ಬಾಕಿ. ಫೇಲಾದರೆ ಅಪ್ಪ ಓದು ಬಿಡಿಸಿ ಇಚಲಕರಂಜಿಯ ಸಂಬಂಧಕ್ಕೆ ಒಪ್ಪಿಬಿಡುತ್ತಿದ್ದರು, ಮಾತುಕತೆ ಆಗಲೇ ಶುರುವಾಗಿತ್ತು. ನಾನು ಅಳಲಿಲ್ಲ. ಇವರ ಸೊಕ್ಕು ಮುರಿಯದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದೆ.

“ಹಂಗಾದ್ರ ನೀವ ಹಚ್ಚಿ ಪರೀಕ್ಷಕರಿಗೆ ತೋರಿಸ್ರಿ ಸರ್. ಚೊಕ್ಕ ಗೆರಿ ಹೆಂಗಿರ್ತೈತಿ, ನಾವೂ ಕಲೀತೇವಿ.”

ಅಷ್ಟು ಕೆಣಕಿದ್ದೇ ಸಾಕಾಯಿತು. ಉಳಿದವರು ಹೊರಟುಹೋದ ಮೇಲೆ ಅದೇ ಬ್ಯಾಕ್ಟೀರಿಯಾ ಹಚ್ಚಲು ಕೂತರು. ಸ್ಪಿರಿಟ್ ದೀಪ ಹಚ್ಚಿಕೊಟ್ಟವಳು ನಾನೇ. ತಂತಿಯನ್ನು ನನ್ನ ಮೂಗಿನ ಮುಂದೆ ಕೆಂಡದಂತೆ ಕಾಯಿಸಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ.

ಪರೀಕ್ಷಕರು ಬಂದ ದಿನ ಪ್ರಾಧ್ಯಾಪಕರು ಎರಡೂ ತಟ್ಟೆಗಳನ್ನು ಅವರ ಮುಂದಿಟ್ಟರು. ತಮ್ಮದರ ಮುಚ್ಚಳವನ್ನು ಅಲ್ಲಿಯ ತನಕ ತೆಗೆದೂ ನೋಡಿರಲಿಲ್ಲ, ಅಷ್ಟು ನಂಬಿಕೆ. ತೆಗೆದರೆ ಅವರ ಗೆರೆಯೂ ನನ್ನದರಂತೆಯೇ ಹಬ್ಬಿತ್ತು.

ಪರೀಕ್ಷಕರು ಮರಾಠಿಯಲ್ಲಿ ಎಲ್ಲರೆದುರು ಗದರಿದರು: ಕಲಿಸುವವರಿಗೇ ತಂತಿ ಸುಡಲು ಬಾರದಿದ್ದರೆ ಹುಡುಗಿಗೇಕೆ ಸೊನ್ನೆ? ನನ್ನ ಸೊನ್ನೆಯನ್ನು ಅಲ್ಲೇ ಹೊಡೆದುಹಾಕಿ ಪಾಸು ಮಾಡಿದರು. ಪ್ರಾಧ್ಯಾಪಕರ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದರು.

“ನೀ ಅಲ್ಲೇ ನಿಂತಿದ್ದಿ. ನಾ ಸುಟ್ಟಿದ್ದು ಹೇಳವ್ವಾ ಇವರಿಗೆ.”

ಹೌದೆಂದರೆ ನನಗೇನೂ ನಷ್ಟವಿರಲಿಲ್ಲ. ತಂತಿ ಸುಟ್ಟ ಮೇಲೂ ಹಬ್ಬಿದ್ದರಿಂದ, ಆ ಜೀವಿ ತಾನಾಗಿಯೇ ನಡೆಯುತ್ತದೆ ಎಂದು ಅವರಿಬ್ಬರೂ ಒಪ್ಪಬೇಕಾಗುತ್ತಿತ್ತು.

“ನಾ ನೋಡ್ಲಿಲ್ರಿ ಸರ್,” ಎಂದೆ.

ಆ ಮಾತು ಹೇಳಿದಾಗ ಆದ ಸಂತೋಷ ಪಾಸಾದದ್ದಕ್ಕೂ ಆಗಲಿಲ್ಲ.