ತಿದ್ದುವ ಹಕ್ಕು

ಮೇಷ್ಟ್ರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಟೈಪ್ ಮಾಡುವಾಗ ಉಳಿದ ಬೆರಳುಗಳೆಲ್ಲ ಓಡಾಡುತ್ತಿದ್ದರೆ ಅದೊಂದು ನೆಟ್ಟಗೆ ನಿಂತಿರುತ್ತಿತ್ತು. ಹೊಸಬರಿಗೆ ಗದರಿಸುತ್ತಿದ್ದಾರೇನೋ ಅನಿಸಬೇಕು. ಅವರು ಯಾರನ್ನಾದರೂ ಗದರಿಸಿದ್ದನ್ನು ಮಾತ್ರ ನಾನು ಕಂಡಿಲ್ಲ.

ಹೊಳೆನರಸೀಪುರದಲ್ಲಿ ಅವರು ಭೌತಶಾಸ್ತ್ರದ ಅಧ್ಯಾಪಕರು. ಎರಡು ಸಾವಿರದ ದಶಕದ ಆರಂಭದಲ್ಲಿ, ಕಂಪ್ಯೂಟರಿನಲ್ಲಿ ಕನ್ನಡದ ಕಾಗುಣಿತ ತಪ್ಪು ತೋರಿಸುವ ತಂತ್ರಾಂಶವೊಂದನ್ನು ಬರೆದು, ಯಾರು ಬೇಕಾದರೂ ಬಳಸಲಿ, ಬೆಳೆಸಲಿ ಎಂದು ಅಂತರ್ಜಾಲದಲ್ಲಿ ಬಿಟ್ಟಿದ್ದರು. ಪದಗಳನ್ನು ಯಾರು ಬೇಕಾದರೂ ಕಳಿಸಬಹುದಿತ್ತು. ಮೂಲ ಪಟ್ಟಿಗೇ ಕೈಹಾಕಿ ತಿದ್ದುವ ಹಕ್ಕು, ಅಂದರೆ ಕಮಿಟ್ ಅನುಮತಿ, ಅವರೊಬ್ಬರಿಗೇ ಇತ್ತು. ಅರಕಲಗೂಡಿನಲ್ಲಿ ಕನ್ನಡ ಶಿಕ್ಷಕಿಯಾಗಿದ್ದ ನಾನು ವರ್ಷವಿಡೀ ಪದ ಕಳಿಸಿದ ಮೇಲೆ ನನಗೂ ಕೊಟ್ಟರು. ಮೂರನೆಯವರಿಗೆ ಕೊಡಬೇಕಾದರೆ ಇಬ್ಬರೂ ಒಪ್ಪಬೇಕೆಂದು ನಿಯಮ ಮಾಡಿದವರೂ ಅವರೇ.

ಶೆಟ್ಟಿಹಳ್ಳಿಯ ರೈತ ಮಹಿಳೆಯೊಬ್ಬರು ಹಾಸನದ ಸೈಬರ್ ಸೆಂಟರಿನಿಂದ ಪದ ಕಳಿಸತೊಡಗಿದರು. ತೋಟಕ್ಕೆ ‘ತ್ವಾಟ’, ಹೊಲಕ್ಕೆ ‘ಒಲ’, ಹೀಗೆ ಆಡುವ ಹಾಗೆಯೇ. ನಾನು ಒಂದೊಂದನ್ನೂ ತಪ್ಪೆಂದು ವಾಪಸು ಮಾಡುತ್ತಿದ್ದೆ. ಒಂದು ಭಾನುವಾರ ನಾನು ಮೇಷ್ಟ್ರ ಮನೆಯಲ್ಲಿದ್ದಾಗಲೇ ಆಕೆ ನೋಟ್‌ಬುಕ್ ಹಿಡಿದು ಬಂದರು.

“ನಾವಾಡೋ ಮಾತಿಗೆಲ್ಲ ಕೆಂಪು ಗೆರೆ ಎಳೀತದಲ್ಲ ಸಾ, ನಿಮ್ ಕಂಪ್ಯೂಟ್ರು? ನಾವೇನ್ ಕನ್ನಡದೋರಲ್ವಾ?”

ಮೇಷ್ಟ್ರು ನೋಟ್‌ಬುಕ್ಕನ್ನು ಕೊನೆಯ ಪುಟದವರೆಗೂ ಓದಿದರು. ಆಕೆ ಹೋದ ಮೇಲೆ, “ಈಯಮ್ಮನಿಗೂ ಅನುಮತಿ ಕೊಡೋಣ” ಎಂದರು.

“ಶುದ್ಧ ಅಶುದ್ಧ ಗೊತ್ತಿಲ್ಲ ಸಾರ್ ಅವರಿಗೆ. ಎಲ್ಲ ಕೆಡಿಸಿಬಿಡ್ತಾರೆ” ಎಂದೆ.

“ಸರಿ. ನೀನು ಒಪ್ಪೋ ತನಕ ಕಾಯ್ತೀನಿ.”

ಮತ್ತೆ ಕೇಳಿದಾಗಲೆಲ್ಲ ಪರೀಕ್ಷೆ, ಮೌಲ್ಯಮಾಪನ ಎಂದು ಮುಂದೂಡಿದೆ. ಆಕೆಯಿಂದ ಪದ ಬರುವುದು ಕಡಿಮೆಯಾಗಿ, ನಿಂತೇಹೋಯಿತು. ಹೇಳಿಕೊಳ್ಳಲು ನಾಚಿಕೆ, ನನಗೆ ನಿರಾಳವೇ ಆಯಿತು.

ಅಷ್ಟರಲ್ಲಿ ಮೇಷ್ಟ್ರ ಮೂತ್ರಪಿಂಡಗಳು ಕೆಟ್ಟವು. ಹಾಸನದ ಆಸ್ಪತ್ರೆಗೆ ನೋಡಲು ಹೋದೆ. ಮಾತಾಡಲು ಶಕ್ತಿಯಿರಲಿಲ್ಲ, ಆದರೂ ತಡೆತಡೆದು ಹೇಳಿದರು:

“ನಿನಗೆ ಅನುಮತಿ ಕೊಟ್ಟ ಮೊದಲನೇ ವಾರ ಏನಾಯ್ತು ಗೊತ್ತೇನಮ್ಮ? ನೀನು ಹೊಸ ಪಟ್ಟಿ ಮೇಲೆ ಹಳೇದನ್ನ ಹಾಕ್ಬಿಟ್ಟಿದ್ದೆ. ಎಲ್ಲರ ಒಂದು ತಿಂಗಳ ಕೆಲಸ ಹೋಯ್ತು. ನಿನ್ನ ಅನುಮತಿ ಕಿತ್ಕೊಳ್ಳಿ ಅಂತ ಮೂರು ಜನ ನನಗೆ ಬರೆದ್ರು.”

“ನನಗ್ಯಾಕೆ ಹೇಳಲಿಲ್ಲ ಸಾರ್?”

“ಹೇಳಿದ್ರೆ ನೀನೇ ಬಿಟ್ಟು ಹೋಗ್ತಿದ್ದೆ. ನಾನೇ ಕೂತು ಸರಿ ಮಾಡ್ದೆ, ಅಷ್ಟೆ.”

“ಆ ಶೆಟ್ಟಿಹಳ್ಳಿಯಮ್ಮನಿಗೆ ಇವತ್ತೇ ಅನುಮತಿ ಕೊಡ್ತೀನಿ ಸಾರ್” ಎಂದೆ. ಅವರು ಕಣ್ಣು ಮುಚ್ಚಿದ್ದರು. ಕೇಳಿಸಿತೋ ಇಲ್ಲವೋ, ಇಂದಿಗೂ ತಿಳಿಯದು. ಎರಡು ದಿನಕ್ಕೆ ತೀರಿಕೊಂಡರು.

ಆಕೆಯ ಹೆಸರಿಗೆ ಅನುಮತಿ ಕೊಟ್ಟು, ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಂಡು ಶೆಟ್ಟಿಹಳ್ಳಿಗೆ ಹೋದೆ. ಬಾಗಿಲಲ್ಲೇ ನಿಂತು, ಇಷ್ಟು ದಿನ ತಡೆದವಳು ನಾನೇ ಎಂದು ಒಪ್ಪಿಕೊಂಡೆ. ಮೇಷ್ಟ್ರು ಹೋದ ಸುದ್ದಿಯನ್ನೂ ಹೇಳಿದೆ.

“ಆವಾಗ್ಲೇ ಕೊಟ್ಟಿದ್ರೆ ಅವ್ರಾದ್ರೂ ನೋಡ್ಕಂಡು ಓಗೋರು.”

ಆಕೆ ಚೀಟಿ ತೆಗೆದುಕೊಂಡರು. ನನಗೆ ಒಳಗೆ ಬನ್ನಿ ಅನ್ನಲಿಲ್ಲ.