ಕೋಗಳಿಯ ದನಿಯ ವಿಳಾಸ

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬ್ಯಾನರು. ಇಲ್ಲಿ ಯಾರೂ ಯಾವುದನ್ನೂ ಮೊದಲಿನಿಂದ ಮಾಡುವುದಿಲ್ಲ. ಹಳೆಯ ಕಾರ್ಡಿನ ಫೈಲು ತೆರೆದು, ಹೆಸರು ಬದಲಿಸಿ, ಪ್ರಿಂಟ್ ಕೊಡುತ್ತೇವೆ. ನನಗೆ ಆ ಪದ್ಧತಿ ಕಂಡರಾಗದು, ಆದರೆ ಹೊಟ್ಟೆ ತುಂಬುವುದು ಅದರಿಂದಲೇ.

ಒಂದು ಮಧ್ಯಾಹ್ನ ಕೋಗಳಿಯಿಂದ ಅಂಗನವಾಡಿ ಟೀಚರ್ ಒಬ್ಬರು ಬಂದರು. ನಮ್ಮ ಮಾಲೀಕರು ಹಿಂದೊಮ್ಮೆ ಹುಮ್ಮಸ್ಸಿನಲ್ಲಿ ಸುತ್ತಲಿನ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದಗಳನ್ನು ಮೊಬೈಲಿನಲ್ಲಿ ಹಿಡಿದು ಒಂದು ವೆಬ್‌ಸೈಟ್ ಮಾಡಿದ್ದರು. ಹುಮ್ಮಸ್ಸು ಇಳಿಯಿತು, ವೆಬ್‌ಸೈಟೂ ನಿಂತಿತು. ಅದಕ್ಕೆ ಟೀಚರ್ ಅವರ ಅಕ್ಕನೂ ಹಾಡಿದ್ದರಂತೆ. ಆ ಅಕ್ಕ ಈಗಿಲ್ಲ.

"ಫೋಟೋ ಬೇಕಾದಷ್ಟು ಅದಾವ್ರಿ. ದನಿ ಒಂದೂ ಇಲ್ಲ. ಹೆಂಗಾರ ಮಾಡಿ ಹುಡುಕಿ ಕೊಡ್ರಿ ಸರ, ನಿಮಗ ಕೈ ಮುಗಿತೀನಿ."

"ಎಲ್ಲಾ ಆ ಹಳೇ ಕಂಪ್ಯೂಟರ್‌ನ್ಯಾಗ ಐತಿ, ನೋಡ್ಲೇ" ಎಂದು ಮಾಲೀಕರು ಅದನ್ನು ನನ್ನ ಕೊರಳಿಗೆ ಕಟ್ಟಿದರು.

ಅಲ್ಲಿ ಇದ್ದದ್ದು ಪುಟಗಳಷ್ಟೇ. ತೆರೆದರೆ ಬರೀ ಬಿಳಿ ಪರದೆ. ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ಬೇರೆಲ್ಲೋ ಏರಿಸಿದ್ದರು, ಪಾಸ್‌ವರ್ಡ್ ಮಾಲೀಕರಿಗೆ ಮರೆತುಹೋಗಿತ್ತು, ಹಾಡು ಹಿಡಿದ ಮೊಬೈಲೂ ಈಗಿರಲಿಲ್ಲ. ಆದರೆ ಪುಟದ ಹಿಂದಿನ ಬರಹವಾದ ಎಚ್‌ಟಿಎಂಎಲ್‌ನಲ್ಲಿ ಪ್ರತಿ ಹಾಡಿಗೂ ಟ್ಯಾಗ್ ಎಂಬ ಒಂದು ಆವರಣ, ಟ್ಯಾಗಿನೊಳಗೆ ಆಟ್ರಿಬ್ಯೂಟ್ ಎಂಬ ಎರಡು ವಿವರ. ಒಂದರಲ್ಲಿ ಹಾಡಿದವರ ಊರು, ಇನ್ನೊಂದರಲ್ಲಿ ದನಿಯ ವಿಳಾಸ. ಕೋಗಳಿಯ ವಿಳಾಸ ಸಿಕ್ಕರೆ ದನಿ ಸಿಕ್ಕಂತೆ.

ಊರು, ವಿಳಾಸಗಳನ್ನೆಲ್ಲ ಒಮ್ಮೆಗೇ ಸಾಲಾಗಿ ತೆಗೆಯಲು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯುತ್ತಾ ಕೂತೆ. ಇಂಥ ಆಕಾರದ ಅಕ್ಷರಗಳು ಎಲ್ಲಿದ್ದರೂ ಹಿಡಿದು ಕೊಡು ಎಂದು ಕಂಪ್ಯೂಟರಿಗೆ ಹೇಳುವ ಸೂತ್ರ ಅದು. ಜೋಡಿ ಉದ್ಧರಣ ಚಿಹ್ನೆಗಳ ನಡುವಿನದನ್ನು ಹಿಡಿ ಎಂದೆ. ಆದರೆ ಊರಿನ ಹೆಸರಿಗೆ ಒಂದು ಕಡೆ ಒಂಟಿ ಚಿಹ್ನೆ, ಇನ್ನೊಂದು ಕಡೆ ಚಿಹ್ನೆಯೇ ಇಲ್ಲ, ಮತ್ತೊಂದು ಕಡೆ ಯಾವುದೋ ಮದುವೆ ಕಾರ್ಡಿನಿಂದ ತಂದು ಅಂಟಿಸಿದ ಬಾಗಿದ ಚಿಹ್ನೆ. ಕೆಲವೆಡೆ ಟ್ಯಾಗನ್ನು ಮುಚ್ಚಿಯೇ ಇರಲಿಲ್ಲ, ಸೂತ್ರ ಮುಂದಿನ ಹಾಡನ್ನೂ ನುಂಗಿ ತೆಲಿಗಿ ಊರಿನ ಹಾಡನ್ನು ತಂಬ್ರಹಳ್ಳಿಯದಕ್ಕೆ ಗಂಟು ಹಾಕುತ್ತಿತ್ತು. ಮಾಲೀಕರನ್ನು ಮನಸಾರೆ ಬೈದುಕೊಂಡೆ. ಟೀಚರ್ ಆಗಾಗ ಸಂಜೆ ಬಸ್ಸಿಗೆ ಮುಂಚೆ ಬಂದು, ಏನೂ ಕೇಳದೆ ಸ್ಟೂಲಿನ ಮೇಲೆ ಕೂತು ಹೋಗುತ್ತಿದ್ದರು. ಕೇಳಿದ್ದರೇ ಚೆನ್ನಾಗಿತ್ತು.

ಕಡೆಗೆ ಅವರು ಕೂತಿದ್ದಾಗಲೇ ಸೂತ್ರ ಸರಿಹೋಯಿತು. ಊರುಗಳೆಲ್ಲ ಸಾಲಾಗಿ ಬಂದವು, ಕೋಗಳಿಯೂ ಬಂತು. ಅದರ ಎದುರಿನ ವಿಳಾಸ ನೋಡಿದೆ. ಮೇಲಿನ ಸಾಲು ನೋಡಿದೆ, ಕೆಳಗಿನದು ನೋಡಿದೆ. ಎಲ್ಲಕ್ಕೂ ಒಂದೇ ವಿಳಾಸ. ಮದುವೆ ಕಾರ್ಡು ಮಾಡಿದ ಕೈಯಲ್ಲವೇ! ಮಾಲೀಕರು ಮೊದಲ ಹಾಡಾದ ತಂಬ್ರಹಳ್ಳಿಯ ಟ್ಯಾಗನ್ನೇ ನಕಲು ಮಾಡಿ, ಊರು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ವೆಬ್‌ಸೈಟ್ ನಡೆಯುತ್ತಿದ್ದಾಗಲೂ ಯಾರೊಬ್ಬರೂ ಎರಡನೇ ಹಾಡು ಕೇಳಿರಲಿಲ್ಲ ಎಂದಾಯಿತು. ಉಳಿದ ದನಿಗಳು ಎಲ್ಲೋ ಇದ್ದರೂ ಅವುಗಳ ವಿಳಾಸ ಎಲ್ಲೂ ಬರೆದಿರಲಿಲ್ಲ.

"ಸಿಕ್ತೇನ್ರಿ?"

"ಇಲ್ರಿ ಮೇಡಂ. ಇರೋದು ತಂಬ್ರಹಳ್ಳಿ ಯಾರದೋ ದನಿ ಒಂದ. ನಿಮ್ಮಕ್ಕಂದು ಇಲ್ಲ."

"ಅದ್ನ ಹಚ್ರಿ. ಪದ ಅದ ಇದ್ರೂ ಇರಬಹುದು."

ಬೇಡವೆಂದೆ, ಕೇಳಲಿಲ್ಲ. ಹಚ್ಚಿದೆ. ಅಕ್ಕ ಹಾಡಿದ್ದ ಪದವೇ ಎಂದು ಟೀಚರ್ ತಲೆಯಾಡಿಸಿದರು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ನಮ್ಮಕ್ಕ ದನಿ ಹಿಂಗ ಎಳೀತಿರ್ಲಿಲ್ರಿ. ಆಕಿ..." ಎಂದು ಹಾಡಿ ತೋರಿಸಲು ಬಾಯಿ ತೆರೆದರು. ಬಂದದ್ದು ತಂಬ್ರಹಳ್ಳಿಯಾಕೆಯ ಎಳೆತವೇ. ನಿಲ್ಲಿಸಿದರು, ಮತ್ತೆ ಶುರು ಮಾಡಿದರು. ಮತ್ತೂ ಅದೇ ಬಂತು.

"ಸರ, ಈಗ ಇದ ಕಿವ್ಯಾಗ ಕುಂತೈತ್ರಿ," ಅಂದರು. "ನಮ್ಮಕ್ಕಂದು ಬರವಲ್ದು."